‘ಲೇಟ್’ ಅಂದರೆ ‘ಲೆಟ್’ ಅಂತ ಯಾಕೆ ಕೇಳಿಸುತ್ತದೆ?

ಪ್ರಶ್ನೆ: ಇಂಗ್ಲಿಷಿನ ‘ಲೇಟ್’, ‘ನೇಮ್’, ‘ಗೇಮ್’ ಪದಗಳಲ್ಲಿ ದೀರ್ಘ ಸ್ವರವನ್ನು ಎಳೆದೇ ಹೇಳುತ್ತೇನೆ. ಆದರೂ ಕೆಲವರಿಗೆ ನನ್ನ ‘ಲೇಟ್’ ‘ಲೆಟ್’ ಅಂತ ಕೇಳಿಸುತ್ತದೆ. ಇನ್ನೂ ಜಾಸ್ತಿ ಎಳೆಯಬೇಕಾ?

ಬೇಡ, ಎಳೆದದ್ದು ಸಾಕು. ಈಗ ಸ್ವಲ್ಪ ಜಾರಿಸಿ.

ನಮ್ಮ ‘ಏ’ ಹೇಳುವಾಗ ನಾಲಿಗೆ ಒಂದೇ ಕಡೆ ನಿಲ್ಲುತ್ತದೆ. ಬ್ರಿಟನ್, ಅಮೆರಿಕದ ಬಹಳಷ್ಟು ಜನರ ಬಾಯಲ್ಲಿ ಈ ಸ್ವರ ‘ಎ’ಯಲ್ಲಿ ಶುರುವಾಗಿ ‘ಇ’ ಕಡೆಗೆ ಜಾರುತ್ತದೆ. ಇನ್ನೊಂದು ವಿಷಯ. ಬೆನ್ನಿಗೇ ಟ್, ಪ್, ಕ್ ಬಂದರೆ ಅವರು ದೀರ್ಘ ಸ್ವರವನ್ನೂ ಮೊಟಕು ಮಾಡುತ್ತಾರೆ. ‘ಪ್ಲೇ’ಯಲ್ಲಿ ಉದ್ದ, ‘ಪ್ಲೇಟ್’ನಲ್ಲಿ ಗಿಡ್ಡ. ಹಾಗಾಗಿ ಅವರ ಕಿವಿ ಉದ್ದಕ್ಕಿಂತ ಆ ಜಾರಿಕೆಯನ್ನೇ ಹುಡುಕುತ್ತದೆ. ಸ್ಕಾಟ್ಲೆಂಡಿನ ಎಷ್ಟೋ ಜನ ನಮ್ಮ ಹಾಗೇ ಜಾರಿಸದೆ ಹೇಳುತ್ತಾರೆ. ಹಾಗಾಗಿ ನಮ್ಮ ‘ಏ’ ತಪ್ಪು ಅಂತ ಅಲ್ಲ.

ಜಾರಿಕೆ ನಮಗೆ ಹೊಸದೂ ಅಲ್ಲ. ‘ಕೈ’, ‘ಮೈ’ ಅನ್ನುವಾಗ ‘ಅ’ಯಿಂದ ‘ಇ’ಗೆ ಜಾರುತ್ತೇವೆ ಅಲ್ವಾ? ಈಗ ‘ನೆಯ್ಗೆ’ ಅಂತ ನಿಧಾನವಾಗಿ ಹೇಳಿ. ಆ ‘ನೆಯ್’ಗೆ ಒಂದು ‘ಮ್’ ಸೇರಿಸಿದರೆ ಇಂಗ್ಲಿಷಿನ ‘ನೇಮ್’ ಬಂತು. ‘ಗೆಯ್ಮೆ’ಯ ಕೊನೆಯ ‘ಎ’ ಬಿಟ್ಟರೆ ‘ಗೇಮ್’! ಇದು ಹೊಳೆದ ದಿನ ಖುಷಿಯಾಗಿ ಹತ್ತಾರು ಸಲ ಹೇಳಿಕೊಂಡಿದ್ದೆ.

ಗದ್ದದ ಮೇಲೆ ಬೆರಳಿಟ್ಟು ‘ಡೆಯ್’ ಅನ್ನಿ. ಕೊನೆಯಲ್ಲಿ ಗದ್ದ ಒಂದಿಷ್ಟು ಮೇಲೆ ಬರಬೇಕು. ಅಲ್ಲಾಡದೆ ನಿಂತರೆ ನೀವಿನ್ನೂ ‘ಏ’ಯಲ್ಲೇ ಇದ್ದೀರಿ. ‘ಡೆ-ಯಿ’ ಅಂತ ಎರಡು ತುಂಡಾಗಲೂಬಾರದು, ಒಂದೇ ಚಪ್ಪಾಳೆಗೆ ಮುಗಿಯಬೇಕು. ಒತ್ತು ‘ಎ’ ಮೇಲಿರಲಿ, ‘ಇ’ಯನ್ನು ಸುಮ್ನೆ ಮುಟ್ಟಿದರೆ ಸಾಕು.

ಪದದ ಶುರುವಿನಲ್ಲಿ ಈ ಸ್ವರ ಬಂದಾಗ ಬೇರೆಯೇ ತೊಂದರೆ. ‘ಎಲೆ’ ನಮ್ಮ ಬಾಯಲ್ಲಿ ‘ಯೆಲೆ’ ಆಗುವ ಹಾಗೆ, ವಯಸ್ಸು ಅನ್ನುವ ಅರ್ಥದ ‘ಏಜ್’ ಕೂಡ ‘ಯೇಜ್’ ಆಗಿಬಿಡುತ್ತದೆ. ಅದಕ್ಕೆ ಮೊದಲು ‘ಕೆಯ್ಜ್’ ಅನ್ನಿ. ಬಾಯಿಯ ಆಕಾರ ಬದಲಿಸದೆ ‘ಕ್’ ಒಂದನ್ನು ಬಿಟ್ಟು ಮತ್ತೆ ಹೇಳಿ.

ಸ್ಪೆಲಿಂಗ್ ಪೂರ್ತಿ ನಂಬಬೇಡಿ. ‘ಸೇ’ ಜಾರುತ್ತದೆ, ಅದರದೇ ರೂಪವಾದ ‘ಸೆಡ್’ ಜಾರುವುದಿಲ್ಲ.

ದಿನಕ್ಕೆ ಐದು ನಿಮಿಷ ಸಾಕು. ‘ಲೆಟ್, ಲೆಯ್ಟ್’, ‘ಪೆನ್, ಪೆಯ್ನ್’, ‘ವೆಟ್, ವೆಯ್ಟ್’ ಅಂತ ಫೋನಿನಲ್ಲಿ ರೆಕಾರ್ಡ್ ಮಾಡಿ. ಕೇಳುವುದು ಮಾತ್ರ ಮಾರನೇ ದಿನ. ಏನು ಹೇಳಿದ್ದೆ ಅನ್ನುವ ನೆನಪು ಆಗ ಮಾಸಿರುತ್ತದೆ, ಕಿವಿ ಇದ್ದದ್ದನ್ನೇ ಕೇಳುತ್ತದೆ.