ಟ್ರಿಗರ್ ಹಾಕುವುದು ತಾಳ, ಸ್ವರ ಇರುವುದು ಬೇರೆ ಕಡೆ

ಕಳೆದ ತಿಂಗಳು ಒಬ್ಬ ಹುಡುಗ ತನ್ನ ಯೂರೋರ್ಯಾಕ್ ಪೆಟ್ಟಿಗೆ (ಬಿಡಿ ಮಾಡ್ಯೂಲ್‌ಗಳನ್ನು ಕೇಬಲ್‌ನಲ್ಲಿ ಜೋಡಿಸಿ ನುಡಿಸುವ ಸಿಂಥಸೈಜರ್) ಹೊತ್ತುಕೊಂಡು ಬಂದ. "ಸರ್, ನಾನು ಇಟ್ಟ ಸ್ವರ ಒಂದು, ಕೇಳಿಸೋದು ಇನ್ನೊಂದು. ಸ್ಯಾಂಪಲ್ ಅಂಡ್ ಹೋಲ್ಡ್ ಕೆಟ್ಟಿದೆ ಅನ್ಸುತ್ತೆ" ಅಂದ. ಸ್ಯಾಂಪಲ್ ಅಂಡ್ ಹೋಲ್ಡ್ ಎಂದರೆ ಒಂದು ಗಳಿಗೆಯ ವೋಲ್ಟೇಜ್ ಹಿಡಿದಿಟ್ಟುಕೊಳ್ಳುವ ಮಾಡ್ಯೂಲ್. ಅದಕ್ಕೆ ಸ್ವರ ಕೊಡುತ್ತಿದ್ದದ್ದು ಎಂಟು ಹೆಜ್ಜೆಯ ಸೀಕ್ವೆನ್ಸರ್, ಅಂದರೆ ಇಟ್ಟ ಸ್ವರಗಳನ್ನು ಒಂದೊಂದಾಗಿ ಸರದಿಯಲ್ಲಿ ಕೊಡುವ ಮಾಡ್ಯೂಲ್. ಅದರಲ್ಲಿ 1, 3, 5, 7ನೇ ಸ್ವರ ಮಾತ್ರ ಹಿಡಿಯಬೇಕಿತ್ತು. ಕೇಳಿಸುತ್ತಿದ್ದದ್ದು 8, 2, 4, 6. ಮಾಡ್ಯೂಲ್ ಕೆಟ್ಟಿರಲಿಲ್ಲ.

ಸಂಗೀತದ ಪಾಠದಲ್ಲಿ ತಾಳ ಹಾಕುವ ಕೈ ಯಾವ ಸ್ವರ ಹಾಡಬೇಕು ಅಂತ ಹೇಳುವುದಿಲ್ಲ, ಅಲ್ವಾ? ಯಾವಾಗ ಅಂತ ಮಾತ್ರ ಹೇಳುತ್ತದೆ. ಟ್ರಿಗರ್ ಕೂಡ ಅಷ್ಟೇ. ಕೆಲವೇ ಮಿಲಿಸೆಕೆಂಡಿನ ಒಂದು ಮಿಡಿತ, ಅದು 5 ವೋಲ್ಟ್ ಇದ್ದರೂ 8 ಇದ್ದರೂ ಅರ್ಥ ಒಂದೇ: "ಈಗ!" ಸ್ವರದ ಎತ್ತರ ಹೇಳುವುದು ಬೇರೊಂದು ವೋಲ್ಟೇಜ್. ಯಾವ ವೋಲ್ಟೇಜ್ ಹೊರಗೆ ಬರಬೇಕು ಎನ್ನುವುದು ಬೇರೆ ಕಡೆ ಕಾದು ಕೂತಿರುತ್ತದೆ. ಹೊಸಬರು ಇವೆರಡನ್ನೂ ಒಂದೇ ಕೇಬಲ್‌ನಲ್ಲಿ ಹುಡುಕುತ್ತಾರೆ, ಅಲ್ಲೇ ಗೊಂದಲ ಶುರು.

ಕಾದು ಕೂರುವ ರೀತಿ ಮುಖ್ಯವಾಗಿ ಎರಡು. ಒಂದು, ಸೀಕ್ವೆನ್ಷಿಯಲ್ ಸ್ವಿಚ್. ಡೋಪ್ಫರ್ ಕಂಪನಿಯ ಎ-151 ಇಂಥದ್ದು. ನಾಲ್ಕು ಜ್ಯಾಕ್‌ಗೆ ನಾಲ್ಕು ವೋಲ್ಟೇಜ್ ಕೊಡಿ. ಒಂದೊಂದು ಟ್ರಿಗರ್‌ಗೆ ಒಂದೊಂದೇ ಸರದಿಯಲ್ಲಿ ಹೊರಬರುತ್ತದೆ. ಇಲ್ಲಿ ಮೂಲ ಜೀವಂತವಾಗಿದೆ. ನಡುವೆ ನಾಬ್ ತಿರುಗಿಸಿದರೆ ಸ್ವರ ಅಲ್ಲೇ ಜಾರುತ್ತದೆ.

ಇನ್ನೊಂದು ಸ್ಯಾಂಪಲ್ ಅಂಡ್ ಹೋಲ್ಡ್. ಟ್ರಿಗರ್ ಬಂದ ಗಳಿಗೆಯಲ್ಲಿ ಒಳಗಿನ ಸ್ವಿಚ್ ಬಾಗಿಲಿನಂತೆ ಒಂದು ಕ್ಷಣ ತೆರೆದು, ಒಳಬರುವ ವೋಲ್ಟೇಜನ್ನು ಪುಟ್ಟ ಕೆಪಾಸಿಟರ್‌ನಲ್ಲಿ ತುಂಬಿಕೊಂಡು ಮುಚ್ಚಿಕೊಳ್ಳುತ್ತದೆ. ಆಮೇಲೆ ನೀವು ನಾಬ್ ಎಷ್ಟು ತಿರುಗಿಸಿದರೂ ಮುಂದಿನ ಟ್ರಿಗರ್‌ವರೆಗೆ ಅದಕ್ಕೆ ಲೆಕ್ಕವಿಲ್ಲ. ಆದರೆ ಕೆಪಾಸಿಟರ್ ಎಂದರೆ ಸಣ್ಣ ತೂತಿರುವ ಬಿಂದಿಗೆ. ಮೆಲ್ಲಗೆ ಸೋರುತ್ತದೆ. ಒಂದು ಆಕ್ಟೇವ್‌ಗೆ ಒಂದು ವೋಲ್ಟ್ ಎಂಬ ಲೆಕ್ಕದಲ್ಲಿ ಅರ್ಧ ಸ್ವರಕ್ಕೆ ಸುಮಾರು 83 ಮಿಲಿವೋಲ್ಟ್. ಹತ್ತು ಮಿಲಿವೋಲ್ಟ್ ಸೋರಿದರೂ ತಂಬೂರಿ ಜೊತೆ ಕೂತವರ ಕಿವಿಗೆ ಗೊತ್ತಾಗುತ್ತದೆ. ಹಾಗಾಗಿ ತುಂಬಾ ಹೊತ್ತು ಹಿಡಿಯುವ ಸ್ವರಕ್ಕೆ ನಾನು ಅನಲಾಗ್ ಸ್ಯಾಂಪಲ್ ಅಂಡ್ ಹೋಲ್ಡ್ ನಂಬುವುದಿಲ್ಲ. ಇಲ್ಲವೇ ಅದರ ಔಟ್‌ಗೆ ಒಂದು ಕ್ವಾಂಟೈಜರ್ ಕೂರಿಸುತ್ತೇನೆ. ವೋಲ್ಟೇಜ್ ಸ್ವಲ್ಪ ಸೋರಿದರೂ ಅದು ಹತ್ತಿರದ ಸ್ವರದಲ್ಲೇ ನಿಲ್ಲಿಸುತ್ತದೆ.

(ಸ್ಯಾಂಪಲ್ ಅಂಡ್ ಹೋಲ್ಡ್‌ಗೆ ನಾಯ್ಸ್, ಅಂದರೆ ಗೊತ್ತುಗುರಿಯಿಲ್ಲದೆ ಏರಿಳಿಯುವ ವೋಲ್ಟೇಜ್ ಹಾಕಿ, ಕ್ವಾಂಟೈಜರ್‌ನಲ್ಲಿ ಮೋಹನದ ಐದು ಸ್ವರ ಆಯ್ದು, ಟ್ರಿಗರ್ ಕೊಟ್ಟು "ನೋಡಿ, ಮಷೀನ್ ಮೋಹನ ಹಾಡ್ತಿದೆ" ಅನ್ನುವವರಿದ್ದಾರೆ. ಗಮಕ ಇಲ್ಲದ ಐದು ಸ್ವರ ಮೋಹನ ಆಗುವುದಿಲ್ಲ. ಕೇಳಲು ಚೆನ್ನಾಗಿರುತ್ತದೆ, ಅದು ಬೇರೆ ಮಾತು.)

ಸರಿ, ಹುಡುಗನ ಪೆಟ್ಟಿಗೆಗೆ ಬರೋಣ. ಒಂದೇ ಕ್ಲಾಕ್ (ಲಯ ಹಾಕುವ ಮಿಡಿತಗಳ ಸಾಲು) ಎರಡು ಕಡೆ ಹೋಗುತ್ತಿತ್ತು. ಒಂದು ಸೀಕ್ವೆನ್ಸರ್‌ಗೆ, ಇನ್ನೊಂದು ಎರಡು ಮಿಡಿತಕ್ಕೆ ಒಂದನ್ನು ಮಾತ್ರ ಬಿಡುವ ಡಿವೈಡರ್ ದಾಟಿ ಸ್ಯಾಂಪಲ್ ಅಂಡ್ ಹೋಲ್ಡ್‌ಗೆ. ಅವನ ಸೀಕ್ವೆನ್ಸರ್ ಡಿಜಿಟಲ್. ಕ್ಲಾಕ್ ಬಂದ ಮೇಲೆ ಹೊಸ ವೋಲ್ಟೇಜ್ ಹೊರಗಿಡಲು ಅದಕ್ಕೆ ಒಂದೆರಡು ಮಿಲಿಸೆಕೆಂಡ್ ಬೇಕು. ಡಿವೈಡರ್‌ಗೆ ಅಷ್ಟೂ ಬೇಡ. ಸ್ಯಾಂಪಲ್ ಅಂಡ್ ಹೋಲ್ಡ್ ಬಾಗಿಲು ತೆರೆದಾಗ ಹೊರಗೆ ನಿಂತಿದ್ದದ್ದು ಹಳೆಯ ಹೆಜ್ಜೆಯ ವೋಲ್ಟೇಜ್. ಅದನ್ನೇ ಒಳಗೆ ಕರೆದು ಬಾಗಿಲು ಹಾಕಿಕೊಂಡಿತು. ಶಬ್ದದ ಜೋರನ್ನು ಏರಿಸಿ ಇಳಿಸುವ ಎನ್ವಲಪ್‌ನಲ್ಲಿ ಇದೇ ತಪ್ಪಾದರೆ ಸ್ವರದ ಶುರುವಿನಲ್ಲಿ 'ಟಿಕ್' ಅಂತ ಹಳೆಯ ಸ್ವರದ ಒಂದು ಚೂರು ಕೇಳಿಸಿ ಮುಗಿಯುತ್ತದೆ. ಇಲ್ಲಿ ಹಿಡಿದಿಟ್ಟುಕೊಳ್ಳುವುದೇ ಕೆಲಸ. ಹಾಗಾಗಿ ತಪ್ಪು ಸ್ವರ ಪೂರ್ತಿ ಹೊತ್ತು ನಿಲ್ಲುತ್ತದೆ.

ಮದ್ದು ಸುಲಭ. ಡಿವೈಡರ್‌ಗೂ ಸ್ಯಾಂಪಲ್ ಅಂಡ್ ಹೋಲ್ಡ್‌ಗೂ ನಡುವೆ ಡೋಪ್ಫರ್ ಎ-162ರಂಥ ಒಂದು ಟ್ರಿಗರ್ ಡಿಲೇ (ಟ್ರಿಗರನ್ನು ತಡ ಮಾಡಿ ಬಿಡುವ ಮಾಡ್ಯೂಲ್) ಇಟ್ಟೆವು. ನಾಬ್ ಅನ್ನು ಸೊನ್ನೆಯಿಂದ ಕೂದಲೆಳೆಯಷ್ಟು ಮೇಲೆತ್ತಿದೆವು. ಮೂರ್ನಾಲ್ಕು ಮಿಲಿಸೆಕೆಂಡ್ ತಡ ಯಾರ ಕಿವಿಗೂ ಗೊತ್ತಾಗುವುದಿಲ್ಲ. 1, 3, 5, 7 ಸರಿಯಾಗಿ ಬಂತು.

ಆದರೂ ಶ್ರುತಿ ಸ್ವಲ್ಪ ಇಳಿದಿತ್ತು. ಹೊರಗೆ ಹೋಗುವ ಪಿಚ್ ವೋಲ್ಟೇಜನ್ನು ಅವನು ಸುಮ್ನೆ ಒಂದು ಎರಡಾಗಿ ಕವಲೊಡೆಯುವ ವೈ ಕೇಬಲ್‌ನಲ್ಲಿ ಎರಡು ಆಸಿಲೇಟರ್‌ಗೆ (ನಾದ ಹುಟ್ಟಿಸುವ ಮಾಡ್ಯೂಲ್) ಹಂಚಿದ್ದ. ಹೊರಬಾಗಿಲಲ್ಲಿ 1 ಕಿಲೋಓಮ್ ರೋಧ (ರೆಸಿಸ್ಟೆನ್ಸ್), ಪ್ರತಿ ಆಸಿಲೇಟರ್‌ನ ಒಳಬಾಗಿಲಲ್ಲಿ 100 ಕಿಲೋಓಮ್ ಇದ್ದರೆ, ಒಂದಕ್ಕೆ ಕೊಟ್ಟಾಗ ವೋಲ್ಟೇಜಿನ ಸುಮಾರು ಶೇಕಡಾ 1 ಹೋಗುತ್ತದೆ, ಎರಡಕ್ಕೆ ಕೊಟ್ಟಾಗ ಶೇಕಡಾ 2. ಮೂರು ವೋಲ್ಟ್‌ನಲ್ಲಿ ಶೇಕಡಾ 2 ಅಂದರೆ 60 ಮಿಲಿವೋಲ್ಟ್, ಅರ್ಧ ಸ್ವರದ ಮುಕ್ಕಾಲು ಪಾಲಿಗೆ ಹತ್ತಿರ. ಟ್ರಿಗರ್ ಹಂಚಲು ವೈ ಕೇಬಲ್ ಸಾಕು. ಪಿಚ್ ಹಂಚಲು ಬಫರ್ ಇರುವ, ಅಂದರೆ ವೋಲ್ಟೇಜ್ ಇಳಿಯದಂತೆ ಹಂಚುವ ಮಲ್ಟಿಪಲ್ ಬೇಕು.

ಹೊರಡುವಾಗ ಅವನು ಕೇಳಿದ, "ಆ ತಡ ಬೇಕಂತಲೇ ಬಳಸಬಹುದಾ ಸರ್?" ಬಳಸಬಹುದು. ಎರಡು ಸ್ಯಾಂಪಲ್ ಅಂಡ್ ಹೋಲ್ಡ್ ತಗೊಳ್ಳಿ. ಮೊದಲನೆಯದರ ಔಟ್ ಎರಡನೆಯದರ ಇನ್‌ಗೆ. ಟ್ರಿಗರ್ ನೇರವಾಗಿ ಎರಡನೆಯದಕ್ಕೆ, ಡಿಲೇ ದಾಟಿ ಮೊದಲನೆಯದಕ್ಕೆ. ಆಗ ಮೊದಲನೆಯದು ಬದಲಾಗುವ ಮುಂಚೆ ಎರಡನೆಯದು ಅದರ ಹಳೆಯ ಸ್ವರ ಎತ್ತಿಕೊಂಡಿರುತ್ತದೆ. ಎರಡಕ್ಕೂ ಒಂದೊಂದು ಆಸಿಲೇಟರ್ ಕೊಟ್ಟರೆ, ಗುರು ಹಾಡಿದ್ದನ್ನು ಶಿಷ್ಯ ಒಂದು ಹೆಜ್ಜೆ ಹಿಂದೆ ಹಾಡುತ್ತಾ ಬರುತ್ತಾನೆ. ಹುಡುಗ ಮತ್ತೆ ಕೂತು ಪೆಟ್ಟಿಗೆ ಬಿಚ್ಚಿದ.