ಮಲ್ಪೆಯ ಹುಡುಗನಿಗೂ ಹಡಗಿನಲ್ಲಿ ವಾಂತಿ ಬರುತ್ತಾ?

ಮದುವೆ ಊಟದಲ್ಲಿ ಇರಲಿ, ಬಸ್‌ಸ್ಟಾಂಡಿನಲ್ಲಿ ಇರಲಿ, ನಾನು ನೌಕಾಪಡೆಯಲ್ಲಿ ಇದ್ದವನು ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು. ಮಗ ಸೆಲೆಕ್ಟ್ ಆಗಿದ್ದಾನೆ, ವಾಂತಿ ಬರುತ್ತಾ? ಬರುತ್ತದೆ ಅನ್ನುತ್ತೇನೆ. ಆಗ ಅಪ್ಪ ತಲೆ ಅಲ್ಲಾಡಿಸುತ್ತಾರೆ. "ಇವನಿಗೆ ಬರ್ಲಿಕ್ಕಿಲ್ಲ, ನಾವು ಮಲ್ಪೆಯವರಲ್ವಾ, ಕಡಲ ಬದಿಯಲ್ಲೇ ಬೆಳೆದವನು."

ಹಾಗಾದರೆ ನನ್ನನ್ನು ಯಾಕೆ ಕೇಳಿದ್ದು?

ನಾನೂ ಮೀನುಗಾರರ ಮನೆಯವನೇ. ಹತ್ತು ವರ್ಷಕ್ಕೆಲ್ಲ ದೋಣಿ ಹತ್ತಿದ್ದೆ. ಮೊದಲ ಸಲ ಫ್ರಿಗೇಟ್ ಅನ್ನುವ ಯುದ್ಧನೌಕೆಯಲ್ಲಿ ಮುಂಬೈ ಬಿಟ್ಟದ್ದು ಜೂನ್ ತಿಂಗಳಲ್ಲಿ, ಎರಡು ದಿನ ಬಕೆಟ್ ಕೈಯಿಂದ ಇಳಿಯಲಿಲ್ಲ. ನನ್ನ ಮೇಲಿನ ಬಂಕಿನವನು ರಾಜಸ್ಥಾನದ ಹುಡುಗ, ತರಬೇತಿಗೆ ಬರುವ ತನಕ ಸಮುದ್ರವನ್ನೇ ಕಂಡವನಲ್ಲ. ಅವನು ಚಪಾತಿ ತಿಂದು ಆರಾಮಾಗಿ ಮಲಗಿದ್ದ.

ಕಾರಣ ಇರುವುದು ಕಿವಿಯಲ್ಲಿ, ಊರಿನಲ್ಲಿ ಅಲ್ಲ. ಒಳಕಿವಿಯ ಸಣ್ಣ ಕೊಳವೆಗಳಲ್ಲಿ ದ್ರವ ಇರುತ್ತದೆ, ನಾವು ಅಲುಗಾಡಿದರೆ ಅದೂ ಅಲುಗುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ. ಹಡಗಿನ ಕೆಳಗಿನ ಮೆಸ್‌ಡೆಕ್ಕಿನಲ್ಲಿ, ಅಂದರೆ ನಾವು ಉಂಡು ಮಲಗುವ ಜಾಗದಲ್ಲಿ, ಕಿಟಕಿ ಇಲ್ಲ. ಕಣ್ಣಿಗೆ ಕಾಣುವುದು ಕದಲದ ಕಬ್ಬಿಣದ ಗೋಡೆ, ಕಿವಿ ಹೇಳುವುದು ಮೇಲೆ ಹೋದೆ, ಕೆಳಗೆ ಬಂದೆ ಅಂತ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಒಳಕಿವಿಯ ಆ ಭಾಗ ಪೂರ್ತಿ ಕೆಟ್ಟವರಿಗೆ ಕಡಲ ವಾಂತಿ ಬರುವುದೇ ಇಲ್ಲ. ಬ್ರಿಟಿಷರ ದೊಡ್ಡ ಅಡ್ಮಿರಲ್ ನೆಲ್ಸನ್, 1805ರಲ್ಲಿ ಟ್ರಫಾಲ್ಗರ್ ಕಾಳಗದಲ್ಲಿ ಸತ್ತವನು, ಹನ್ನೆರಡನೇ ವಯಸ್ಸಿನಿಂದ ಹಡಗಿನಲ್ಲೇ ಬೆಳೆದವನು, ಅವನಿಗೂ ಕೊನೆಯ ತನಕ ಇದು ಬಿಡಲಿಲ್ಲ.

"ಆದ್ರೆ ಬೋಟಿನಲ್ಲಿ ಅವನಿಗೆ ಏನೂ ಆಗುವುದಿಲ್ಲ" ಅನ್ನುತ್ತಾರೆ. ಆಗುವುದಿಲ್ಲ, ಸರಿ. ಬೋಟಿನಲ್ಲಿ ಗಾಳಿ ಇದೆ, ದಿಗಂತ ಕಾಣುತ್ತದೆ, ಕುಲುಕಾಟ ಚುಟುಕು. ದೊಡ್ಡ ಹಡಗು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ, ಐದು ಸೆಕೆಂಡಿಗೆ ಒಂದು ಸಲದ ಆಸುಪಾಸಿನ ಏರಿಳಿತವೇ ಮನುಷ್ಯನಿಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ. ಒಂದು ಬಗೆಯ ಅಲುಗಾಟಕ್ಕೆ ಪಳಗಿದ ಮೈ ಇನ್ನೊಂದಕ್ಕೂ ಪಳಗಿರಬೇಕು ಅಂತೇನಿಲ್ಲ. ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರ ತನಕ, ಮೀನುಗಾರಿಕೆಗೆ ನಿಷೇಧ ಇರುವಾಗ, ನಮ್ಮ ಬೋಟುಗಳು ಎಲ್ಲಿರುತ್ತವೆ? ಬಂದರಿನಲ್ಲಿ, ಸಾಲಾಗಿ ಕಟ್ಟಿ ಹಾಕಿ. ನಾಡದೋಣಿ ಹೋದರೂ ದಡದ ಹತ್ತಿರವೇ. ಯುದ್ಧನೌಕೆಗೆ ಅಂಥ ರಜೆ ಇಲ್ಲ. ಜೋರು ಮಳೆಗಾಲದ ನಡುಗಡಲನ್ನು ನಿಮ್ಮ ಹುಡುಗ ನೋಡಿಯೇ ಇಲ್ಲ!

ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಕಡಿಮೆ ಆಗುತ್ತದೆ. ಖಾಲಿ ಹೊಟ್ಟೆ ಬೇಡ, ಒಣ ಬಿಸ್ಕೆಟ್ ತಿನ್ನಲಿ, ಬಿಡುವಿದ್ದರೆ ಡೆಕ್ಕಿಗೆ ಬಂದು ದೂರ ನೋಡಲಿ, ಹಡಗಿನ ಮಧ್ಯಭಾಗದಲ್ಲಿ ಇರಲಿ. ಮಾತ್ರೆ ಬೇಕಾದರೆ ಡಾಕ್ಟರನ್ನು ಕೇಳಿ ಹೊರಡುವ ಮೊದಲೇ ತೆಗೆದುಕೊಳ್ಳಬೇಕು, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ನನಗೆ ಮೂರನೇ ದಿನ ಬೇಕು ಅನಿಸಿದ್ದು ಕುಚ್ಚಲಕ್ಕಿ ಗಂಜಿ, ಒಂದು ತುಂಡು ಉಪ್ಪಿನಕಾಯಿ. ಗ್ಯಾಲಿಯಲ್ಲಿ ಬೆಳ್ತಿಗೆ ಅನ್ನ ಮಾತ್ರ ಇತ್ತು. ನೀರು ಹಾಕಿ ಕಿವುಚಿ ಕುಡಿದೆ, ಹೊಟ್ಟೆಯಲ್ಲಿ ನಿಂತಿತು.

ಇಷ್ಟಾದರೂ ವಾಚ್, ಅಂದರೆ ಹಡಗಿನ ಕೆಲಸದ ಪಾಳಿ, ತಪ್ಪಿಸುವ ಹಾಗಿಲ್ಲ. ಈ ವಾಚಿನ ಬಗ್ಗೆ ಯಾರೂ ಕೇಳುವುದಿಲ್ಲ, ನನಗೆ ಹೇಳಲು ಬಹಳ ಇಷ್ಟ. ಒಂದೊಂದು ಪಾಳಿ ನಾಲ್ಕು ಗಂಟೆ. ದಿನಕ್ಕೆ ಆರು ಆಯಿತಲ್ಲ? ಮೂರು ತಂಡ ಇದ್ದರೆ ರಾತ್ರಿ ಹನ್ನೆರಡರಿಂದ ನಾಲ್ಕರ ಮಿಡಲ್ ವಾಚ್ ದಿನಾ ಒಂದೇ ತಂಡದ ತಲೆಗೆ ಬರುತ್ತದೆ. ಹಾಗಾಗಬಾರದು ಅಂತ ಸಂಜೆ ನಾಲ್ಕರಿಂದ ಎಂಟರ ಪಾಳಿಯನ್ನು ಎರಡೆರಡು ಗಂಟೆಗೆ ಮುರಿದಿದ್ದಾರೆ. ಅದಕ್ಕೆ ಡಾಗ್ ವಾಚ್ ಅಂತ ಹೆಸರು. ಈಗ ಪಾಳಿ ಏಳು, ತಂಡ ಮೂರು, ದಿನಾ ಒಂದು ಮನೆ ಮುಂದೆ ಸರಿಯುತ್ತದೆ. ಸುಮ್ನೆ ಒಂದು ಕಾಗದದ ಮೇಲೆ ಹಂಚಿ ನೋಡಿ. ಇವತ್ತು ಮಿಡಲ್ ವಾಚ್ ಮಾಡಿದವನಿಗೆ ಅದು ಮತ್ತೆ ಬರುವುದು ನಾಲ್ಕನೇ ದಿನ.