ತುರಿಕೆ ನಿಂತಿತು, ಹುಳುಕಡ್ಡಿ ಎಲ್ಲಿ ಹೋಯಿತು?

“ಎಣ್ಣೆ ಹಚ್ಚಿದೆ ಡಾಕ್ಟರೇ, ವಾರದಲ್ಲಿ ಹೋಯಿತು. ಈಗ ಮತ್ತೆ ಬಂದಿದೆ.” ಮಳೆಗಾಲವಿಡೀ ಚರ್ಮರೋಗ ವೈದ್ಯರ ಕಿವಿಗೆ ಬೀಳುವ ಮಾತು ಇದೊಂದೇ ಎಂದರೂ ತಪ್ಪಿಲ್ಲ. ಎಣ್ಣೆಯಷ್ಟೇ ಬದಲಾಗುತ್ತದೆ. ಹಳ್ಳಿಯವರದು ಬೇವಿನೆಣ್ಣೆ, ಹೊಂಗೆ ಎಣ್ಣೆ. ಪೇಟೆಯ ಹುಡುಗರದು ಮೊಬೈಲ್ ನೋಡಿ ತರಿಸಿಕೊಂಡ ಟೀ ಟ್ರೀ ಎಣ್ಣೆ. ಹೋಯಿತು ಎಂದಿರಲ್ಲ, ಏನು ಹೋಯಿತು ಎಂದು ಕೇಳಿದರೆ “ತುರಿಕೆ” ಎನ್ನುತ್ತಾರೆ. ಹುಳುಕಡ್ಡಿಯೂ ಹೋಯಿತೇ ಎಂದರೆ, ಎರಡೂ ಒಂದೇ ತಾನೇ ಎಂಬಂತೆ ನನ್ನ ಮುಖ ನೋಡುತ್ತಾರೆ.

ಎರಡೂ ಒಂದೇ ಅಲ್ಲ. ಇದನ್ನು ದಿನಕ್ಕೆ ಎಷ್ಟು ಬಾರಿ ಹೇಳಿದರೂ ಸಾಲದು, ಆದ್ದರಿಂದ ಬರೆಯುತ್ತಿದ್ದೇನೆ. ಹುಳುಕಡ್ಡಿ ತರುವ ಶಿಲೀಂಧ್ರ ಬದುಕುವುದು ಚರ್ಮದ ತೀರಾ ಮೇಲಿನ ಸತ್ತ ಪದರದಲ್ಲಿ, ಅಲ್ಲಿನ ಕೆರಾಟಿನ್ ಎಂಬ ಪ್ರೋಟೀನನ್ನು ತಿಂದುಕೊಂಡು. ಸತ್ತ ಪದರಕ್ಕೆ ನರವಿಲ್ಲ. ಶಿಲೀಂಧ್ರ ಅಲ್ಲಿ ಕೂತ ಮಾತ್ರಕ್ಕೆ ನಿಮಗೇನೂ ಗೊತ್ತಾಗುವುದಿಲ್ಲ. ಅದು ಬಿಡುವ ವಸ್ತುಗಳಿಗೆ ಕೆಳಗಿನ ಜೀವಂತ ಚರ್ಮ ಕೆರಳಿ ಉರಿಯೂತವೆದ್ದಾಗ ತುರಿಕೆ ಹುಟ್ಟುತ್ತದೆ. ಟೀ ಟ್ರೀ ಎಣ್ಣೆಯಲ್ಲಿರುವ ಟರ್ಪಿನೆನ್-4-ಓಲ್ ಎಂಬ ಅಂಶ ಈ ಉರಿಯೂತವನ್ನು ತಗ್ಗಿಸಬಲ್ಲದು. ಕರ್ಪೂರ, ಮೆಂಥಾಲ್ ನರಗಳಿಗೆ ತಂಪಿನ ಅನುಭವ ಕೊಟ್ಟು ತುರಿಕೆಯನ್ನು ಮರೆಸುತ್ತವೆ. ರಾತ್ರಿ ನಿದ್ದೆ ಬರುತ್ತದೆ, ಅದೇನೂ ಸಣ್ಣ ಉಪಕಾರವಲ್ಲ. ಆದರೆ ಶಿಲೀಂಧ್ರ ಇದ್ದಲ್ಲೇ ಇರುತ್ತದೆ. ನಾಯಿಯ ಬಾಯಿ ಕಟ್ಟಿ, ಕಳ್ಳ ಹೋದನೆಂದು ಮಲಗಿದ ಹಾಗೆ. ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆತ ಟ್ಯೂಬುಗಳೂ ಮಾಡುವುದು ಇದನ್ನೇ, ಇನ್ನೂ ಜೋರಾಗಿ ಮಾಡುತ್ತವೆ. ಅದಕ್ಕೆ ಇನ್ನೊಂದು ಅಂಕಣವೇ ಬೇಕು.

ಇದು ನನ್ನ ಊಹೆಯಲ್ಲ. ಟೀ ಟ್ರೀ ಗಿಡದ ತವರಾದ ಆಸ್ಟ್ರೇಲಿಯಾದಲ್ಲೇ ನಡೆದು 1992ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಪಾದಕ್ಕೆ ಶಿಲೀಂಧ್ರ ಹತ್ತಿದ 104 ಮಂದಿಯಲ್ಲಿ ಕೆಲವರಿಗೆ ಶೇ. 10ರ ಟೀ ಟ್ರೀ ಕ್ರೀಮು, ಕೆಲವರಿಗೆ ಟಾಲ್ನಾಫ್ಟೇಟ್ ಎಂಬ ಔಷಧ, ಉಳಿದವರಿಗೆ ಔಷಧವಿಲ್ಲದ ಬರೀ ಕ್ರೀಮು. ತುರಿಕೆ, ಉರಿ, ಸಿಪ್ಪೆ ಏಳುವುದು ಕಡಿಮೆಯಾಗುವುದರಲ್ಲಿ ಟೀ ಟ್ರೀ ಔಷಧಕ್ಕೆ ಸರಿಸಮವಾಗಿ ನಿಂತಿತು. ಚರ್ಮ ಕೆರೆದು, ಆ ಸಿಪ್ಪೆಯಲ್ಲಿ ಶಿಲೀಂಧ್ರ ಬೆಳೆಯುತ್ತದೆಯೇ ಎಂದು ಕಲ್ಚರ್ ಮಾಡಿ ನೋಡಿದಾಗ ಕಥೆಯೇ ಬೇರೆ. ಟಾಲ್ನಾಫ್ಟೇಟ್ ಹಚ್ಚಿದ ಶೇ. 85 ಮಂದಿಯಲ್ಲಿ ಶಿಲೀಂಧ್ರ ಸಿಗಲಿಲ್ಲ. ಟೀ ಟ್ರೀ ಹಚ್ಚಿದವರಲ್ಲಿ ಹಾಗಾದದ್ದು ಶೇ. 30 ಮಂದಿಗೆ, ಬರೀ ಕ್ರೀಮಿನವರಲ್ಲಿ ಶೇ. 21 ಮಂದಿಗೆ. ಹಾಯಾಯಿತು ಎಂದು ಮನೆಗೆ ಹೋದ ಬಹುತೇಕರ ಕಾಲಿನಲ್ಲಿ ಶಿಲೀಂಧ್ರ ಜೀವಂತವಾಗಿಯೇ ಇತ್ತು. ಈ ಅಂಕಿಗಳನ್ನು ದೊಡ್ಡಕ್ಷರದಲ್ಲಿ ಬರೆಸಿ ಕ್ಲಿನಿಕ್ಕಿನ ಗೋಡೆಗೆ ಅಂಟಿಸಬೇಕು ಎಂದು ಎಷ್ಟೋ ಸಲ ಅನಿಸಿದೆ.

ಹಾಗೆಂದು ಎಣ್ಣೆಗೆ ಶಿಲೀಂಧ್ರವನ್ನು ಕೊಲ್ಲುವ ಶಕ್ತಿಯೇ ಇಲ್ಲ ಎನ್ನಲಾರೆ. ಅದೇ ದೇಶದಲ್ಲಿ 2002ರಲ್ಲಿ ಶೇ. 25 ಮತ್ತು 50ರ ದ್ರಾವಣ ಹಚ್ಚಿಸಿ ನೋಡಿದಾಗ ಫಲಿತಾಂಶ ಸಾಕಷ್ಟು ಸುಧಾರಿಸಿತ್ತು. ಜೊತೆಗೆ ನಾಲ್ವರ ಚರ್ಮ ಎಣ್ಣೆಯಿಂದಲೇ ಕೆರಳಿ ಉರಿಯೂತ ಎದ್ದಿತ್ತು. ಅದು ದಪ್ಪ ಚರ್ಮದ ಪಾದ. ತೊಡೆಸಂದು, ಕಂಕುಳು, ಮಕ್ಕಳ ಮೈ, ಈ ಲೆಕ್ಕಕ್ಕೆ ಬರುವುದೇ ಇಲ್ಲ.

ತೊಡೆಸಂದು ಎಂದೊಡನೆ ಒಬ್ಬ ಹಾಸ್ಟೆಲ್ ಹುಡುಗ ನೆನಪಾಗುತ್ತಾನೆ. ಹಸಿ ಬೆಳ್ಳುಳ್ಳಿ ಜಜ್ಜಿ, ಬಟ್ಟೆಯಲ್ಲಿ ಕಟ್ಟಿಕೊಂಡು ರಾತ್ರಿಯೆಲ್ಲ ಮಲಗಿದ್ದ. ಬೆಳಿಗ್ಗೆ ಕಾಲು ಅಗಲಿಸಿಕೊಂಡು, ಅಪ್ಪನ ಹೆಗಲು ಹಿಡಿದು ಬಂದ. ಹುಳುಕಡ್ಡಿಯ ಉಂಗುರ ಇದ್ದಲ್ಲಿ ಅಂಗೈಯಗಲ ಬೊಬ್ಬೆ, ಅಂಚಿನಲ್ಲಿ ಚರ್ಮ ಸುಲಿದು ಕೆಂಪು ಮಾಂಸ. “ಉರಿಯುತ್ತಿತ್ತು ಸರ್, ಔಷಧ ಕೆಲಸ ಮಾಡುತ್ತಿದೆ ಅಂದುಕೊಂಡೆ” ಎಂದ. ಬೈಯಲು ಬಾಯಿ ಬರಲಿಲ್ಲ. ವೆನೆಜುವೆಲಾದ ಸಂಶೋಧಕರು ಬೆಳ್ಳುಳ್ಳಿಯಿಂದಲೇ ಬರುವ ಅಜೋಯಿನ್ ಎಂಬ ವಸ್ತುವನ್ನು ಕ್ರೀಮಿನಲ್ಲಿ ಬೆರೆಸಿ ಪಾದದ ಶಿಲೀಂಧ್ರಕ್ಕೆ ಒಳ್ಳೆಯ ಫಲ ಕಂಡಿದ್ದಾರೆ, ಪ್ರಯೋಗ ಚಿಕ್ಕದಾದರೂ. ಅವರ ಕ್ರೀಮಿನಲ್ಲಿ ಇದ್ದದ್ದು ಶೇ. 0.4. ಹುಡುಗನ ಬಟ್ಟೆಯಲ್ಲಿ ಇದ್ದದ್ದು ಇಡೀ ಗಡ್ಡೆ.

ಗಿಡದ ಔಷಧವೆಂದರೆ ಮೂಗು ಮುರಿಯುವ ವೈದ್ಯನಲ್ಲ ನಾನು. ಸೀಮೆ ಅಗಸೆಯ ಎಲೆಯನ್ನು ಹುಳುಕಡ್ಡಿಗೆ ಅರೆದು ಹಚ್ಚುವ ರೂಢಿ ಹಲವು ದೇಶಗಳಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರೆಜಿಲ್‌ನ ಮರವೊಂದರ ಪುಡಿ ಪೋರ್ಚುಗೀಸರ ಮೂಲಕ ಬಂದು, ‘ಗೋವಾ ಪುಡಿ’ ಎಂಬ ಹೆಸರಿನಲ್ಲಿ ಮುಂಬೈ ಪೇಟೆಯಲ್ಲಿ ಹುಳುಕಡ್ಡಿಗೇ ಮಾರಾಟವಾಗುತ್ತಿತ್ತು. ಬಟ್ಟೆಗೆ ಕಲೆ ಹಿಡಿಸುವ, ಕಣ್ಣಿಗೆ ಬಿದ್ದರೆ ಗೋಳಾಡಿಸುವ ಪುಡಿ ಅದು. ಗಿಡದ್ದಾದರೇನು, ಪ್ರಮಾಣ ತಪ್ಪಿದರೆ ಸುಡುತ್ತದೆ.

ಡಾಕ್ಟರ ಔಷಧವೂ ನಾಟುತ್ತಿಲ್ಲ ಎಂಬ ನಿಮ್ಮ ಸಿಟ್ಟಿಗೂ ಕಾರಣವಿದೆ, ಒಪ್ಪುತ್ತೇನೆ. ಹಿಂದೆ ಎರಡು ವಾರದ ಟರ್ಬಿನಾಫಿನ್ ಮಾತ್ರೆಗೆ ಬಗ್ಗುತ್ತಿದ್ದ ರೋಗ ಈಗ ಅನೇಕರಲ್ಲಿ ಬಗ್ಗುವುದಿಲ್ಲ. 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂಬ ಹೆಸರು ಪಡೆದ ಶಿಲೀಂಧ್ರ ನಮ್ಮ ದೇಶದಲ್ಲಿ ಬಲವಾಗಿ ಹಬ್ಬಿದೆ, ಅದರ ಹಲವು ತಳಿಗಳಿಗೆ ಈ ಮಾತ್ರೆ ನಾಟುವುದೇ ಇಲ್ಲ. ಮಾತ್ರೆ ನುಂಗಿ ಸೋತವರು ಎಣ್ಣೆಗೆ ಹೋಗುತ್ತಾರೆ, ಎಣ್ಣೆಯಿಂದ ತುರಿಕೆ ನಿಲ್ಲುತ್ತದೆ, ಅಷ್ಟರಲ್ಲಿ ಉಂಗುರ ಸೊಂಟದವರೆಗೆ ಹರಡಿರುತ್ತದೆ, ಒಂದೇ ಟವೆಲ್ ಬಳಸುವ ಹೆಂಡತಿ ಮಕ್ಕಳಿಗೂ ಹತ್ತಿರುತ್ತದೆ.

ಆದ್ದರಿಂದ ತುರಿಕೆಯನ್ನು ನಂಬಬೇಡಿ. ಉಂಗುರದ ಅಂಚಿನ ಸಿಪ್ಪೆಯನ್ನು ಕೆರೆದು, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡುವುದು ಹಳೆಯ, ಅಗ್ಗದ ಪರೀಕ್ಷೆ. ಶಿಲೀಂಧ್ರದ ಕವಲೊಡೆದ ಎಳೆ ಕಂಡರೆ ರೋಗ ಇದೆ. ಒಮ್ಮೆ ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೇ ಇಲ್ಲ ಎನ್ನಲಾಗದು, ಚರ್ಮದ ಸ್ಥಿತಿಯನ್ನೂ ಸೇರಿಸಿ ತೀರ್ಮಾನಿಸಬೇಕಾಗುತ್ತದೆ. ಉಂಗುರ ಮಾಸಿದ ಮೇಲೂ ಕನಿಷ್ಠ ಎರಡು ವಾರ ಔಷಧ ಮುಂದುವರಿಸಿ ಎಂದು ನಾವು ಹೇಳುವುದು ಈ ಅಳುಕಿನಿಂದಲೇ.

ಎದೆ ಬೆನ್ನಿನ ಮೇಲೆ ಸಿಬ್ಬ ಎದ್ದವರಿಗೆ ಇನ್ನೊಂದು ಮಾತು. ಆ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸಲು ಆಲಿವ್ ಎಣ್ಣೆ ಬಳಸುತ್ತಾರೆ. ದಯವಿಟ್ಟು ಅದಕ್ಕೆ ಅಭ್ಯಂಜನ ಮಾಡಿಸಬೇಡಿ.

ತೋರಿಸಲು ಬರುವ ಮುನ್ನ ಕೆಲವು ದಿನ ಏನನ್ನೂ ಹಚ್ಚಬೇಡಿ. ಜಿಡ್ಡು ಮೆತ್ತಿದ ಸಿಪ್ಪೆಯಲ್ಲಿ ಎಳೆ ಹುಡುಕುವುದು ಕಷ್ಟ. ಹಚ್ಚುತ್ತಿದ್ದ ಸೀಸೆಯನ್ನು ಮಾತ್ರ ಮರೆಯದೆ ತನ್ನಿ. ಮುಚ್ಚಳ ಸಡಿಲವಾಗಿ, ಗಾಳಿಯಾಡಿ ಹಳತಾದ ಟೀ ಟ್ರೀ ಎಣ್ಣೆ ಅಲರ್ಜಿ ತರುವುದು ಹೆಚ್ಚು. ಎಷ್ಟೋ ಸಲ ಹುಳುಕಡ್ಡಿಯ ಸುತ್ತ ಕಾಣುವ ಕಜ್ಜಿ ಆ ಸೀಸೆಯದೇ ಆಗಿರುತ್ತದೆ.